ಹುಬ್ಬೇರಿಸಿದ ಸಾಧು

ಕೂಗಿದರೂ ಮಾತು ಕೇಳಿಸದ ಒಂದು ಕೋಣೆ ಇತ್ತು. ಗೋಣಿಚೀಲ ಹೊಲಿಯುವ ಯಂತ್ರಗಳು ಬೆಳಗಿನಿಂದ ಸಂಜೆವರೆಗೆ ಗಡಗಡ ಎನ್ನುತ್ತಿದ್ದುದರಿಂದ ಅಲ್ಲಿನ ಹೆಂಗಸರು ಮುಖದಲ್ಲೇ ಮಾತಾಡಲು ಕಲಿತಿದ್ದರು. ಹುಬ್ಬೇರಿಸಿದರೆ ‘ಏನ್ ಸಮಾಚಾರ?’ ತುಟಿ ಓರೆ ಮಾಡಿದರೆ ‘ಮೇಸ್ತ್ರಿ ಬಂದ!’

ಕೋಣೆಯ ಮೂಲೆಯಲ್ಲೊಂದು ಬುಟ್ಟಿ, ಬುಟ್ಟಿಯಲ್ಲಿ ಐದು ತಿಂಗಳ ಕೂಸು. ನಾರಿನ ಧೂಳು ಕಣ್ಣಿಗೆ ಬೀಳದಿರಲೆಂದು ತಾಯಿ ಅದನ್ನು ಗೋಡೆಗೆ ಮುಖ ಮಾಡಿ ಮಲಗಿಸುತ್ತಿದ್ದಳು. ಮೊದಮೊದಲು ಕೂಸು ಅತ್ತಿತು. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಅಳುವುದನ್ನೇ ಬಿಟ್ಟಿತು. “ಎಷ್ಟು ಸಾಧು ಕೂಸು!” ಎಂದು ಎಲ್ಲರೂ ಹೊಗಳಿ, ಅದನ್ನೇ ಹೆಸರಾಗಿಸಿದರು.

ತಾಯಿಗೆ ಮಾತ್ರ ಒಳಗೊಳಗೇ ಪುಕುಪುಕು. ಎತ್ತಿಕೊಂಡರೆ ಸಾಧು ಅವಳನ್ನು ದಾಟಿ ಎಲ್ಲೋ ನೋಡುತ್ತಿದ್ದ, ಅವಳು ಯಾರೋ ಹೊರಗಿನವಳೆಂಬಂತೆ.

ಊಟದ ಬಿಡುವಿನಲ್ಲಿ ನರ್ಸಮ್ಮ ತೂಕ ನೋಡಲು ಬಂದಳು.

“ತೂಕ ಸರಿ ಇದೆ. ಆದ್ರೆ ಇವನು ಯಾರ ಹತ್ರ ಮಾತಾಡ್ತಾನೆ?”

ಪಕ್ಕದ ಯಂತ್ರದಲ್ಲಿದ್ದ ಅತ್ತೆ ನಕ್ಕಳು. “ಹಲ್ಲೇ ಬಂದಿಲ್ಲ, ಮಾತಂತೆ! ಹೊಟ್ಟೆಗೆ ಹಾಲು, ಮೈಗೆ ಬಟ್ಟೆ. ಇಷ್ಟುದ್ದದ ಕೂಸಿಗೆ ಮನಸ್ಸು ಬೇರೆ ಇರುತ್ತಾ?”

“ಇದೆ ಕಣಮ್ಮಾ, ಹುಟ್ಟಿದಾಗಿಂದ ಇದೆ. ಕರೆದೂ ಕರೆದೂ ಯಾರೂ ಓಗೊಡದಿದ್ರೆ ನೀವಾದ್ರೂ ಸುಮ್ಮನಾಗಲ್ವಾ?”

ತಾಯಿಯ ಕಣ್ಣು ತುಂಬಿತು. “ಯಂತ್ರ ಬಿಟ್ಟೆದ್ರೆ ಕೆಲಸ ಹೋಗುತ್ತೆ ಅಕ್ಕಾ.”

“ಏಳೋದ್ಯಾಕೆ? ಎಲ್ಲರ ಹತ್ರ ಮುಖದಲ್ಲೇ ಹರಟೆ ಹೊಡೀತೀಯಲ್ಲ, ಇವನ ಹತ್ರನೂ ಹೊಡಿ. ಬುಟ್ಟೀನ ಧೂಳಿಲ್ಲದ ಬಾಗಿಲ ಕಡೆ ಇಡು, ನಿನ್ನತ್ತ ತಿರುಗಿಸು. ಹಾಲು ಕೊಡುವಾಗ ಮಾತಾಡು. ಆಮೇಲೆ ಸುಮ್ಮನೆ ಕಾಯಿ. ಅವನ ಸರದಿ ಅವನಿಗೆ ಬಿಡು.”

ತಾಯಿ ಹಾಗೇ ಮಾಡಿದಳು. ದಿನಗಳು ಕಳೆದವು. “ಚೀಲಕ್ಕೆ ಕಥೆ ಹೇಳಿದಂಗಾಯ್ತು,” ಎಂದು ಅತ್ತೆ ಮೂತಿ ತಿರುವಿದಳು. ತಾಯಿ ಬಿಡಲಿಲ್ಲ.

ಒಂದು ಮಧ್ಯಾಹ್ನ ಅವಳು ಹುಬ್ಬೇರಿಸಿ ಕಾದಳು. ಕೂಸಿನ ಕಣ್ಣು ಅಲೆದಲೆದು ಬಂದು ಅವಳ ಮುಖದ ಮೇಲೆ ನಿಂತಿತು. ಇನ್ನೂ ಸರಿಯಾಗಿ ಕೂದಲು ಮೂಡದ ಆ ಎರಡು ಹುಬ್ಬು ಮೆಲ್ಲಗೆ ಏರಿದವು, ಇನ್ನೂ ಮೇಲೇರಿದವು.

ಏನ್ ಸಮಾಚಾರ?

ತಾಯಿಯ ಕಾಲು ಯಂತ್ರದ ಮೇಲೆ ಹಾಗೇ ನಿಂತಿತು. ಅತ್ತೆಯ ಯಂತ್ರವೂ ನಿಂತಿತು. ನೋಡಿದವರ ಯಂತ್ರಗಳೆಲ್ಲ ಒಂದೊಂದಾಗಿ ನಿಂತು ಕೋಣೆ ನಿಶ್ಶಬ್ದವಾಯಿತು. ಆಗ ಬುಟ್ಟಿಯಿಂದ, “ಆ... ಗೂ!”



“ಆಚೆ ಸರಿಯೇ,” ಅತ್ತೆ ಕಣ್ಣೊರೆಸಿಕೊಂಡಳು. “ಈಗ ನನ್ನ ಸರದಿ.”

ಕೂಸಿರುವ ಮನೆಯವರೇ, ಅತ್ತರೆ ಎತ್ತಿಕೊಳ್ಳಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ಉತ್ತರಕ್ಕೆ ಕಾಯಿರಿ. ಕೂಸು ತೀರಾ ಮೌನವಾಗಿದ್ದರೆ, ಇಲ್ಲವೇ ತಾಯಿಯ ಮನಸ್ಸೇ ಕುಗ್ಗಿದ್ದರೆ, ಆರೋಗ್ಯ ಕಾರ್ಯಕರ್ತೆಗೆ ಇಂದೇ ಹೇಳಿ. ಬುಟ್ಟಿಯನ್ನು ನಿಮ್ಮತ್ತ ತಿರುಗಿಸಿ. ಅಲ್ಲೊಬ್ಬರು ನಿಮ್ಮ ಮುಖಕ್ಕಾಗಿ ಕಾಯುತ್ತಿದ್ದಾರೆ.