ಹಳೆ ಹಾಸಿನ ತುದಿ

ಅಮೆರಿಕದ ಒಬ್ಬ ವಿಮರ್ಶಕನ ವಿಚಾರಗಳನ್ನು ಎರಡು ಊರುಗಳಲ್ಲಿ ಭಾಷಣ ಮಾಡಿ ಪರಿಚಯಿಸಲು ಹೋಗಿ ಸೋತಿದ್ದೆ. ಮುಧೋಳದಲ್ಲಿ ಸಭಿಕರು ಆಕಳಿಸಿದರು, ಬೀಳಗಿಯಲ್ಲಿ ಅಧ್ಯಕ್ಷರೇ ನಿದ್ದೆ ಹೋದರು. ತಪ್ಪು ಅವರದಲ್ಲ. ‘ಪರಂಪರೆಯ ಪರಿಕಲ್ಪನೆ’ ಎಂದು ಶುರು ಮಾಡಿದರೆ ನನಗೇ ನಿದ್ದೆ ಬರುತ್ತದೆ. ಇನ್ನು ಉಳಿದದ್ದು ನನ್ನೂರು ಬನಹಟ್ಟಿ. ಅಲ್ಲಿಗೆ ಗಂಗಾರಾಮ ಸರ್ ಬರುವವರಿದ್ದರು. ಮೂವತ್ತೈದು ವರ್ಷದ ಹಿಂದೆ ಜಮಖಂಡಿ ಕಾಲೇಜಿನಲ್ಲಿ ಆ ವಿಮರ್ಶಕನ ಪುಸ್ತಕವನ್ನು ನನ್ನ ಕೈಗಿಟ್ಟು, ಇದನ್ನು ನಮ್ಮ ಮಂದಿಗೆ ತಿಳಿಯುವ ಹಾಗೆ ಹೇಳುವವರು ಬೇಕು ಎಂದವರು ಅವರೇ. ಈಗ ಅವರಿಗೆ ಎಂಬತ್ತಾರು. ಈ ಸಲವೂ ಕೆಟ್ಟರೆ ಅವರಿಗೆ ಮುಖ ತೋರಿಸುವ ಹಾಗಿರಲಿಲ್ಲ.

ಹಿಂದಿನ ದಿನ ಅವ್ವನೆದುರು ಭಾಷಣ ಓದಿದೆ. ನನ್ನವ್ವ ಅನಸವ್ವ ಶಾಲೆಯ ಮುಖ ಕಂಡವಳಲ್ಲ. ಎರಡು ಪುಟ ತಾಳಿಕೊಂಡು, ಆ ಮನುಷ್ಯ ಹೇಳುವುದಾದರೂ ಏನು ಎಂದು ಕೇಳಿದಳು. ಯಾವ ಕವಿಯೂ ಏನೂ ಇಲ್ಲದಲ್ಲಿಂದ ಶುರು ಮಾಡುವುದಿಲ್ಲ, ಹಿಂದಿನವರ ಹಾಡಿಗೆ ತನ್ನದನ್ನು ಜೋಡಿಸಿಕೊಂಡೇ ಮುಂದೆ ಹೋಗುತ್ತಾನೆ ಎಂದೆ.

“ಹಂಗಾರ ಕೆಚ್ಚೂದು ಅನ್ನು. ಅದಕ್ಯಾಕ ಇಷ್ಟು ಉದ್ದ?” ಎಂದಳು ಅವ್ವ.

ಮಗ್ಗದಲ್ಲಿ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿಯುತ್ತ ಬಂದಾಗ ತುದಿಯನ್ನು ಬಿಚ್ಚುವುದಿಲ್ಲ; ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಎಳೆಗೆ ಹೊಸೆದು ಕೂಡಿಸುತ್ತಾರೆ. ಅದೇ ಕೆಚ್ಚುವುದು. ಪವರ್‌ಲೂಮ್ ಬರುವ ಮೊದಲು ನಮ್ಮ ಓಣಿಯ ಮಗ್ಗಗಳಿಗೆಲ್ಲ ಅವ್ವನೇ ಕೆಚ್ಚುತ್ತಿದ್ದಳು. ಎಳೆ ಜಾರದಿರಲೆಂದು ಬೂದಿ ಹಚ್ಚಿಕೊಂಡ ಅವಳ ಬೆರಳು, ನೂಲಿನ ಗಂಜಿಯ ವಾಸನೆ, ಲಾಳಿ ಓಡುವ ಸದ್ದು ಎಲ್ಲ ನೆನಪಾದವು. ನನ್ನನ್ನು ಕಾಲೇಜಿಗೆ ಕಳಿಸಿದ್ದು ಆ ಬೆರಳುಗಳೇ. ಆದರೂ ಅವ್ವ ಏನು ಮಾಡುತ್ತಾಳೆ ಎಂದು ಅಲ್ಲಿ ಸರ್ ಕೇಳಿದಾಗ, ಸುಮ್ಮನೆ ಮನೆಯಲ್ಲಿರುತ್ತಾಳೆ ಎಂದಿದ್ದೆ.

ಮರುದಿನ ವಾಚನಾಲಯದ ಸಭೆಯಲ್ಲಿ ಭಾಷಣದ ಹಾಳೆಗಳನ್ನು ಮಡಿಸಿಟ್ಟೆ. ಮೇಜಿನ ಮೇಲೆ ಹಳೆ ಹಾಸಿನ ತುಂಡು, ಹೊಸ ನೂಲು; ಎದುರಿಗೆ, ನಾನು ಕರೆದುಕೊಂಡು ಬಂದಿದ್ದ ಅವ್ವ. ಅವಳು ಎಳೆ ಕೂಡಿಸುತ್ತ ಹೋದಳು, ನಾನು ಹೇಳುತ್ತ ಹೋದೆ. ಯಾರೂ ಆಕಳಿಸಲಿಲ್ಲ. ನೂಲಿನ ವ್ಯಾಪಾರಿ ಶಂಕರೆಪ್ಪನವರಂತೂ ಆ ವಿಮರ್ಶಕನ ಪುಸ್ತಕವನ್ನು ಕೇಳಿ ತೆಗೆದುಕೊಂಡು, ಓದಿ ಕೊಡುತ್ತೇನೆ ಎಂದರು. ನನಗೆ ನಂಬಿಕೆಯಾಗಲಿಲ್ಲ.

ಕೊನೆಗೆ ಸರ್ ಕೋಲು ಊರಿಕೊಂಡು ಮೇಜಿನ ಬಳಿ ಬಂದು, ಇವರು ಯಾರು ಎಂದು ಕೇಳಿದರು.

“ನಮ್ಮವ್ವರಿ ಸರ್. ಸುಮ್ಮನ ಮನಿಯಾಗ ಇರ್ತಾಳಂತ ಅವತ್ತ ನಿಮಗ ಸುಳ್ಳು ಹೇಳಿದ್ನಿರಿ. ನಾಚಿಕಿ ಬರ್ತಿತ್ತು.”

ಸರ್ ಅವ್ವನಿಗೆ ಕೈಮುಗಿದರು. ಅವ್ವ ತಲೆ ಎತ್ತಲಿಲ್ಲ.

“ಮಾತಾಡಸಬ್ಯಾಡ್ರಿ,” ಎಂದಳು. “ಇನ್ನೂ ನಾಕ ಎಳಿ ಉಳದಾವು.”