ಕಿವಿ ಪರೀಕ್ಷೆಯ ವ್ಯಾನಿನಲ್ಲಿ

2023ರ ಮಾರ್ಚ್ 14, ಬೆಳಿಗ್ಗೆ 10.20. ವಿಶ್ವವಿದ್ಯಾಲಯದವರು ಬಡಾವಣೆಯ ಗ್ರಂಥಾಲಯದ ಹಿಂದೆ ನಿಲ್ಲಿಸಿದ್ದ ಶ್ರವಣ ಸಂಶೋಧನೆಯ ವ್ಯಾನಿನೊಳಗೆ ನಿವೃತ್ತ ಬಸ್ ಡ್ರೈವರು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಜೀವಮಾನವಿಡೀ ಎಂಜಿನ್ನಿನ ಪಕ್ಕ ಕೂತು ಅವರ ಕಿವಿ ಮಂದವಾಗಿತ್ತು. ಸದ್ದು ಕೇಳಿಸಿದಾಗ ಬೆರಳೆತ್ತಬೇಕು, ಅಷ್ಟೇ ಕೆಲಸ.

“ತಾತ, ನಾನಿನ್ನೂ ಗುಂಡಿನೇ ಒತ್ತಿಲ್ಲ, ಆಗ್ಲೇ ಬೆರಳೆತ್ತಿಬಿಟ್ರಲ್ಲ!” ಎಂದು ಸಂಶೋಧಕಿ ಹೆಡ್‌ಫೋನಿನ ಮೈಕಿನಲ್ಲಿ ಗಟ್ಟಿಯಾಗಿ ಹೇಳಿ ನಕ್ಕಳು.

“ಕೇಳಲೇಬೇಕು ಅಂತ ಕೂತಿದ್ದೀನಲ್ಲಮ್ಮ, ಅದಕ್ಕೇ ಇರಬೇಕು.”

ಅವರು ಜೇಬಿನಿಂದ ಮೊಬೈಲ್ ತೆಗೆದರು. ತೀರಿಹೋದ ಹೆಂಡತಿ ಕಳಿಸಿದ್ದ ಧ್ವನಿಸಂದೇಶವೊಂದು ಅದರಲ್ಲಿ ಉಳಿದಿತ್ತು. ಆಕೆಯದು ಸಣ್ಣ ದನಿ. ದಿನವೂ ಕಿವಿಗೊತ್ತಿಕೊಂಡು ಕೇಳುತ್ತಿದ್ದರು; ಈಚೆಗೆ ಗೊಣಗುಟ್ಟಿದಂತೆ ಕೇಳಿಸುತ್ತಿತ್ತೇ ಹೊರತು ಒಂದು ಮಾತೂ ತಿಳಿಯುತ್ತಿರಲಿಲ್ಲ.

“ಇದನ್ನ ನಿನ್ನ ಮೆಷಿನ್ನಿಗೆ ಹಾಕೋಕಾಗುತ್ತಾ?”

“ಆಗುತ್ತೆ. ಆದ್ರೆ ಕೇಳಿಸಿದ್ದನ್ನ ಹಾಗೇ ತಿರುಗಿ ಹೇಳಬೇಕು. ನೆನಪಿಂದ ಹೇಳೋ ಹಾಗಿಲ್ಲ!”

ಅವಳು ಫೋನಿಗೆ ತಂತಿ ಸಿಕ್ಕಿಸಿ, ಐದೈದು ಡೆಸಿಬೆಲ್ ಏರಿಸುತ್ತಾ ಹೋದಳು. ಮಾತೆಲ್ಲ ಬಾಯಿಪಾಠವಿದ್ದರೂ ಅವರು ಬೆರಳೆತ್ತಲಿಲ್ಲ. ಕಣ್ಣು ಮುಚ್ಚಿ ಕಾದರು. ಕೊನೆಗೆ ಬೆರಳು ತಾನಾಗಿ ಮೇಲೆದ್ದಿತು.

“‘ಬರ್ತಾ ಬಲ್ಬ್ ತನ್ನಿ. ಇವತ್ತೂ ಮರೆತ್ರೆ ಕತ್ತಲಲ್ಲೇ ಊಟ. ಉಪ್ಪು ಯಾವುದು, ಸಕ್ಕರೆ ಯಾವುದು, ನೀವೇ ಹುಡುಕ್ಕೊಳ್ಳಿ.’” ಎಂದು ಅವರು ತಿರುಗಿ ಹೇಳಿದರು.

“ತಂದ್ರಾ, ತಾತ?”

“ಮರೆತಿದ್ದೆ ಕಣಮ್ಮ. ಇನ್ನೊಂದ್ಸಲ ಬೈಸು.”

ಅವಳು ಸದ್ದನ್ನು ಕದಲಿಸದೆ ಮತ್ತೆ ಹಾಕಿದಳು. ಮಾಪಕ ತೋರಿಸುತ್ತಿದ್ದುದು ಎಪ್ಪತ್ತೈದು ಡೆಸಿಬೆಲ್.