ಜ್ವರ ಬಾರದ ಕಂಪ್ಯೂಟರು

ನಮ್ಮ ಯಜಮಾನರದು ಪ್ರಿಂಟಿಂಗ್ ಅಂಗಡಿ. ರಸ್ತೆ ದಾಟಿದರೆ ನನ್ನ ನಾದಿನಿಯ ಫೋಟೋ ಸ್ಟುಡಿಯೋ. ಅವಳ ಕಂಪ್ಯೂಟರಿನಲ್ಲಿ ಎಲ್ಲರೂ ಬಳಸುವ ವಿಂಡೋಸ್, ಇವರದರಲ್ಲಿ ಕೆಲವರೇ ಬಳಸುವ ಲಿನಕ್ಸ್. ಅದನ್ನು ಹಾಕಿಸಿಕೊಂಡ ಮೇಲೆ ಇವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ವೈರಸ್ ಬರೆಯುವವರು ಜನ ಹೆಚ್ಚಿರುವ ಕಡೆ ನುಗ್ಗುತ್ತಾರೆ, ನಮ್ಮ ಕಡೆ ತಲೆ ಹಾಕಿಯೂ ಮಲಗುವುದಿಲ್ಲ, ಇಲಿ ಬಂದರೆ ಹುಲಿ ಬಂತು ಎನ್ನುವುದು ಆಂಟಿವೈರಸ್ ಮಾರುವವರ ಹೊಟ್ಟೆಪಾಡು ಎಂದು ಬಂದವರಿಗೆಲ್ಲ ಉಪದೇಶ. ಅದರಲ್ಲಿ ಸುಳ್ಳೂ ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಗಿರಾಕಿಗಳ ಫೋಟೋ ತಿದ್ದಬೇಕಾದರೆ, ಅವರ ಪೆನ್‌ಡ್ರೈವಿನಲ್ಲಿ ಇರುವುದನ್ನೆಲ್ಲ ಇವರು ಅಂಗಡಿಯ ಪೆನ್‌ಡ್ರೈವಿಗೆ ನಕಲು ಮಾಡಿ ತಂಗಿಗೆ ಕಳಿಸುತ್ತಿದ್ದರು. ಬೇಕಾದ್ದನ್ನಷ್ಟೇ ಆರಿಸಬಾರದೇ ಎಂದರೆ, ಗಿರಾಕಿಯ ವಸ್ತುವಿನಲ್ಲಿ ಒಂದು ಕಡ್ಡಿಯೂ ಬಿಟ್ಟುಹೋಗಬಾರದು ಎನ್ನುತ್ತಿದ್ದರು.

ಮೊನ್ನೆ ಮಧ್ಯಾಹ್ನ ನಾದಿನಿ ತನ್ನ ಹಾರ್ಡ್‌ಡಿಸ್ಕ್ ಹಿಡಿದು, ಬಿಳಿಚಿಕೊಂಡು ಬಂದಳು. ಒಂದು ಶಾಲೆಯ ಮಕ್ಕಳ ಫೋಟೋಗಳನ್ನು ಮರುದಿನ ಬೆಳಿಗ್ಗೆ ಕೊಡಬೇಕಿತ್ತು. ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅದು. ಫೋಟೋಗಳನ್ನು ಆ ಡಿಸ್ಕಿಗೆ ಹಾಕಿ ಕ್ಯಾಮೆರಾದ ಕಾರ್ಡನ್ನು ಆಗಲೇ ಖಾಲಿ ಮಾಡಿದ್ದಳು. ಈಗ ಹಾರ್ಡ್‌ಡಿಸ್ಕ್ ತೆರೆದರೆ ಫೋಲ್ಡರುಗಳೆಲ್ಲ ಮಾಯ, ಅವುಗಳ ಹೆಸರಿನ ಶಾರ್ಟ್‌ಕಟ್‌ಗಳು ಮಾತ್ರ ಉಳಿದಿದ್ದವು. ಇವರು ಮೊದಲು ಗೆದ್ದವರಂತೆ ನಕ್ಕರು. ನಾನು ದುರುಗುಟ್ಟಿ ನೋಡಿದ ಮೇಲೆ ನಗು ನಿಲ್ಲಿಸಿ ಆ ಡಿಸ್ಕನ್ನು ತಮ್ಮ ಕಂಪ್ಯೂಟರಿಗೆ ಚುಚ್ಚಿದರು.

ಫೋಲ್ಡರುಗಳು ಅಲ್ಲೇ ಇದ್ದವು. ವೈರಸ್ ಅವನ್ನು ಬಚ್ಚಿಟ್ಟಿತ್ತಷ್ಟೇ, ಆ ಆಟ ಲಿನಕ್ಸಿನ ಮುಂದೆ ನಡೆದಿರಲಿಲ್ಲ. ಹಲ್ಲು ಬಿದ್ದ ಮಕ್ಕಳು ಪರದೆ ತುಂಬ ನಗುತ್ತಿದ್ದರು. ನಾದಿನಿಗೆ ಹೋದ ಜೀವ ಬಂದಂತಾಯಿತು.

ಇವರ ಮುಖ ಮಾತ್ರ ಇಂಗು ತಿಂದ ಮಂಗನ ಹಾಗಾಯಿತು. ಫೋಲ್ಡರುಗಳ ಪಕ್ಕ ವಿಚಿತ್ರ ಹೆಸರಿನ ವೈರಸ್ ಫೈಲೊಂದಿತ್ತು. ಅದೇ ಫೈಲು ಅಂಗಡಿಯ ಪೆನ್‌ಡ್ರೈವಿನಲ್ಲೂ ಇತ್ತು. ಹೋದ ವಾರ ಗಿರಾಕಿಯೊಬ್ಬರ ಪೆನ್‌ಡ್ರೈವಿನಿಂದ ಇವರೇ ಶಿಸ್ತಾಗಿ ನಕಲು ಮಾಡಿ ಕಳಿಸಿದ್ದರು.

ಹೇಳದಿದ್ದರೆ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಆದರೂ ಹೇಳಿದರು.

"ಇದು ನಿನಗೆ ನನ್ನಿಂದಲೇ ಬಂದಿದ್ದು ಕಣೇ. ನನಗೇನೂ ಆಗಲ್ಲ ಅಂತ ನಾನು ನೋಡ್ಲೇ ಇಲ್ಲ."

"ನಿನಗೆ ಜ್ವರ ಬರಲ್ಲ ಅಂತ ಜ್ವರದ ಮನೆಗೆಲ್ಲ ಹೋಗಿ ಬಂದು ನನ್ನ ಮಗೂನ ಎತ್ಕೊಂಡ್ರೆ ಹೇಗಣ್ಣಾ?" ಎಂದಳು ನಾದಿನಿ. ಆಮೇಲೆ ಅವಳಿಗೇ ನಗು ತಡೆಯಲಾಗಲಿಲ್ಲ.

ಸಂಜೆಯೊಳಗೆ ಮೂವರೂ ಸೇರಿ ಫೋಟೋಗಳನ್ನೆಲ್ಲ ಮುದ್ರಿಸಿ ಮುಗಿಸಿದೆವು. ಅವಳು ಹೋದ ಮೇಲೆ ಇವರು ತಮ್ಮ ಕಂಪ್ಯೂಟರಿಗೆ ಆಂಟಿವೈರಸ್ ಹಾಕಲು ಕೂತರು. ನಿಮ್ಮ ಲಿನಕ್ಸಿಗೆ ಅದು ಯಾಕೆ ಎಂದು ಚುಚ್ಚಿದೆ.

"ನನಗಲ್ಲ, ಅವಳಿಗೆ" ಎಂದರು, ತಲೆ ಎತ್ತದೆ.

ಅವರ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿ ಬಹಳ ದಿನವಾಗಿತ್ತು.